ಶಸ್ತ್ರಚಿಕಿತ್ಸೆಗೆ ಮುನ್ನ ಒಂದು ಸೂಜಿಮದ್ದು

ನಮ್ಮ ತಾಳವಾಡಿ ಸೀಮೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ತಿಳಿದರೆ ಮನೆಯವರು ಮೊದಲು ಯೋಚಿಸುವುದು ದಾರಿಯನ್ನು. ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಕೊಯಮತ್ತೂರಿಗೆ ಹೋಗುವುದೋ, ಚಾಮರಾಜನಗರದ ಮೇಲೆ ಮೈಸೂರಿಗೋ, 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ? ಹಣ, ರಕ್ತ, ಜೊತೆಗಿರಲು ಒಬ್ಬರು, ಹೀಗೆ ಎಲ್ಲವನ್ನೂ ಹೊಂದಿಸಿಕೊಳ್ಳುತ್ತೇವೆ. ಫ್ಲೂ ಲಸಿಕೆಯ ನೆನಪು ಮಾತ್ರ ಸಾಮಾನ್ಯವಾಗಿ ಬರುವುದಿಲ್ಲ.

ಫ್ಲೂ ಎಂಬುದು ಇನ್‌ಫ್ಲುಯೆಂಜಾ ಎಂಬುದರ ಮೊಟಕು. ಈ ರೋಗ ನಕ್ಷತ್ರಗಳ ಪ್ರಭಾವದಿಂದ ಬರುತ್ತದೆಂದು ನಂಬಿದ್ದ ಇಟಲಿಯವರು ಇಟ್ಟ ಹೆಸರಿದು. (ವಿದ್ಯಾರ್ಥಿಗಳು ಇದನ್ನು ವಿಷಮಶೀತಜ್ವರವೆಂದು ಬರೆಯಬಾರದು, ಅದು ಟೈಫಾಯಿಡ್.) ಮನುಷ್ಯರ ಫ್ಲೂ ವೈರಾಣುವನ್ನು 1933ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಬೇರ್ಪಡಿಸಿದರು.

ಗಟ್ಟಿಮುಟ್ಟಾದವರು ಫ್ಲೂ ಬಂದರೆ ಸಾಮಾನ್ಯವಾಗಿ ಒಂದು ವಾರ ಮಲಗಿ ಏಳುತ್ತಾರೆ. ಶಸ್ತ್ರಚಿಕಿತ್ಸೆಯಾದವರ ಪಾಡು ಬೇರೆ. ಹೊಟ್ಟೆಗೋ ಎದೆಗೋ ಹೊಲಿಗೆ ಹಾಕಿಸಿಕೊಂಡವರು ನೋವಿಗೆ ಅಂಜಿ ಆಳವಾಗಿ ಉಸಿರೆಳೆಯುವುದಿಲ್ಲ. ಕೆಮ್ಮಿ ಕಫ ತೆಗೆಯುವುದಿಲ್ಲ. ಕಫ ಶ್ವಾಸಕೋಶದ ತಳದಲ್ಲಿ ನಿಲ್ಲುತ್ತದೆ. ಕ್ಯಾನ್ಸರೂ ಅದರ ಔಷಧಗಳೂ ರೋಗನಿರೋಧಕ ಶಕ್ತಿಯನ್ನು ಮೊದಲೇ ಕುಗ್ಗಿಸಿರುತ್ತವೆ. ಆಗ ಫ್ಲೂ ತಗುಲಿದರೆ ನ್ಯುಮೋನಿಯಾಕ್ಕೆ ಬಾಗಿಲು ತೆರೆದಂತೆ. ಗಡ್ಡೆಯನ್ನು ಪೂರ್ತಿ ತೆಗೆದಿದ್ದರೂ ರೋಗಿ ಕೈತಪ್ಪಿ ಹೋಗಬಹುದು. ಉಳಿದರೂ ಮುಂದಿನ ಕಿಮೊಥೆರಪಿ ತಡವಾಗಬಹುದು.

ಸೂಜಿಯಲ್ಲಿ ಕೊಡುವ ಲಸಿಕೆಯಲ್ಲಿ ಜೀವಂತ ವೈರಾಣು ಇರುವುದಿಲ್ಲ; ಆದ್ದರಿಂದ ಅದರಿಂದಲೇ ಫ್ಲೂ ಬರುತ್ತದೆಂಬ ಭಯ ಬೇಡ. ವೈರಾಣು ತನ್ನ ವೇಷವನ್ನು ಬದಲಿಸುತ್ತಲೇ ಇರುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಬಾರಿ ಲಸಿಕೆಯ ಘಟಕಗಳನ್ನು ಸೂಚಿಸುತ್ತದೆ. ಹೋದ ವರ್ಷ ಹಾಕಿಸಿದ್ದು ಈ ವರ್ಷಕ್ಕೆ ಸಾಲದು. ದೇಹದಲ್ಲಿ ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು. ಆದುದರಿಂದ ಶಸ್ತ್ರಚಿಕಿತ್ಸೆಯ ದಿನ ಗೊತ್ತಾದೊಡನೆ ವೈದ್ಯರನ್ನು ಕೇಳುವುದು ಒಳ್ಳೆಯದು. ಆದರೆ ಲಸಿಕೆಗಾಗಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯನ್ನು ನಾವಾಗಿಯೇ ಮುಂದಕ್ಕೆ ಹಾಕುವುದು ತರವಲ್ಲ.

ಲಸಿಕೆಯಿಂದ ಜ್ವರ ಬಂದರೆ ಗಾಯ ಕೀವಾಗಿದೆಯೆಂದು ತಪ್ಪು ತಿಳಿಯಬಹುದೆಂಬ ಶಂಕೆ ಹಿಂದೆ ವೈದ್ಯರಲ್ಲೂ ಇತ್ತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 40 ಸಾವಿರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸ್ಪತ್ರೆಯಲ್ಲಿದ್ದಾಗಲೇ ಲಸಿಕೆ ಪಡೆದವರಿಗೆ ಹೇಳಿಕೊಳ್ಳುವಂಥ ತೊಂದರೆ ಹೆಚ್ಚಿದ್ದು ಕಾಣಲಿಲ್ಲ. ಲಸಿಕೆ ಪಡೆದವರು ಹೆಚ್ಚು ಚೇತರಿಸಿಕೊಂಡರೆಂಬ ವರದಿಗಳನ್ನು ಮಾತ್ರ ತುಸು ಎಚ್ಚರದಿಂದ ಓದಬೇಕು. ಲಸಿಕೆ ಹಾಕಿಸಿಕೊಳ್ಳುವವರು ಮೊದಲೇ ಆರೋಗ್ಯದಲ್ಲಿ ಕಾಳಜಿ ಉಳ್ಳವರಾಗಿರಬಹುದಲ್ಲವೇ?

ಕಿಮೊಥೆರಪಿ ಪಡೆಯುವವರಲ್ಲಿ ಲಸಿಕೆಯ ಫಲ ಕಡಿಮೆಯಾಗಬಹುದು. ಆದಕಾರಣ ಮನೆಮಂದಿಯೂ ಹಾಕಿಸಿಕೊಂಡರೆ ರೋಗಿಗೆ ಸುತ್ತಲೊಂದು ಬೇಲಿಯಾಗುತ್ತದೆ. ಇದು ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ. ಸಾಮಾನ್ಯವಾಗಿ ಹಣ ತೆರಬೇಕು, ಎಲ್ಲರ ಕೈಗೂ ಎಟುಕುವುದಿಲ್ಲ. ಖರ್ಚಿಲ್ಲದ ಕೆಲಸವೂ ಒಂದುಂಟು. ಆಸ್ಪತ್ರೆಯಿಂದ ಅಜ್ಜಿ ಬಂದರೆಂದು ಊರಿಗೆ ಊರೇ ನೋಡಲು ಬರುವುದು ನಮ್ಮ ಕಡೆಯ ವಾಡಿಕೆ. ಮೂಗು ಸೋರುವ ಮಕ್ಕಳೂ ಬಂದು ಮಂಚವೇರುತ್ತಾರೆ. ನೆಗಡಿ, ಕೆಮ್ಮು ಇದ್ದವರು ವಾರ ಬಿಟ್ಟು ಬರಲಿ. ಉಳಿದವರು ಹೊಸ್ತಿಲಲ್ಲೇ ಸೋಪಿನಿಂದ ಕೈ ತೊಳೆದು ಒಳಗೆ ಹೋಗಲಿ. ಅಜ್ಜಿ ಮುನಿಸಿಕೊಂಡರೆ ಮೊಮ್ಮಕ್ಕಳೇ ಕಾರಣ ತಿಳಿಸಬಹುದು.