ಕೊನೆಯ ಫೋಟೋ ಯಾವ ದಿನದ್ದು? ಹಿತ್ತಲಿನ ವಲಸೆ ಹಕ್ಕಿಗಳ ಛಾಯಾಗ್ರಹಣ ಪಾಠ

ವಲಸೆ ಹಕ್ಕಿ ಅಂದ ಕೂಡಲೇ ನಮ್ಮ ಬೀದರಿನಲ್ಲಿ ಎಲ್ಲರೂ ಕಾರಂಜಾ ಹಿನ್ನೀರಿನ ಕಡೆ ಬೈಕ್ ತಿರುಗಿಸುತ್ತಾರೆ. ಹೋಗಬಾರದು ಅಂತಲ್ಲ. ಆದರೆ ಶಿವರಾತ್ರಿಯಿಂದ ಯುಗಾದಿ ದಾಟುವವರೆಗೆ ಕೊಳಾರದ ಕಾಂಪೌಂಡ್ ಗೋಡೆಗಳ ಮೇಲೆ, ಭಾಲ್ಕಿಯ ಮಾಳಿಗೆ ಮನೆಗಳ ಮೇಲೆ, ಔರಾದ್ ಕಡೆಯ ಹೊಲದ ಬದುವಿನಲ್ಲಿ ಕುಂತ ಎಷ್ಟೋ ಹಕ್ಕಿಗಳು ಸಾವಿರಾರು ಕಿಲೋಮೀಟರ್ ಪ್ರಯಾಣಕ್ಕೆ ತಯಾರಾಗುತ್ತಿರುತ್ತವೆ. ಅವನ್ನು ನೋಡಲು ಪೆಟ್ರೋಲ್ ಖರ್ಚು ಬೇಕಿಲ್ಲ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಯುರೋಪ್, ಅಮೆರಿಕದವರ ಯೂಟ್ಯೂಬ್ ಪಾಠಗಳಲ್ಲಿ ‘ಸ್ಪ್ರಿಂಗ್ ಮೈಗ್ರೇಶನ್’ ಅಂದ್ರೆ ಹಕ್ಕಿಗಳು ಬರುವ ಕಾಲ. ನಮಗೆ ಅದು ಹೋಗುವ ಕಾಲ. ಅವರು ಮೊದಲ ಹಕ್ಕಿಗಾಗಿ ಕಾಯುತ್ತಾರೆ, ನಾವು ಕೊನೆಯದಕ್ಕಾಗಿ ಕಾಯಬೇಕು. ಬಂದ ಹಕ್ಕಿ ಕಣ್ಣಿಗೆ ಬೀಳುತ್ತದೆ, ಯಾರಾದರೂ ಬರೆದಿಡುತ್ತಾರೆ. ಹೋದದ್ದು ಮಾತ್ರ ಗೊತ್ತೇ ಆಗುವುದಿಲ್ಲ. ಇವತ್ತು ತೆಗೆದ ಫೋಟೋ ಈ ವರ್ಷದ ಕೊನೆಯದು ಅಂತ ಶಟರ್ ಒತ್ತುವಾಗ ಯಾರಿಗೂ ತಿಳಿಯದು. ಅದಕ್ಕೆ ಈ ಪಾಠದ ಮುಖ್ಯ ಸೂತ್ರ ಒಂದೇ: ಒಂದೇ ಜಾಗ, ದಿನಾ ಫೋಟೋ, ಸರಿಯಾದ ತಾರೀಖು.

ಯಾರ್ಯಾರು ಸಿಗುತ್ತಾರೆ? ಗೋಡೆಯ ಮೇಲೆ ಕುಂತು ಕೆಂಪು ಬಾಲ ನಡುಗಿಸುವ ಹಕ್ಕಿ ಬ್ಲ್ಯಾಕ್ ರೆಡ್‌ಸ್ಟಾರ್ಟ್. ನಲ್ಲಿ ನೀರು ಹರಿಯುವಲ್ಲಿ ಬಾಲ ಕುಣಿಸುತ್ತ ನಡೆಯುವುದು ಸಿಪಿಲೆ. ಬೇಲಿಯೊಳಗೆ ಅಡಗಿ ‘ಚಕ್ ಚಕ್’ ಅನ್ನುವ ಕಂದು ಬಣ್ಣದ್ದು ಬ್ಲೈತ್ಸ್ ರೀಡ್ ವಾರ್ಬ್ಲರ್ ಇರಬಹುದು. ಅದನ್ನು ಗುರುತಿಸುವುದು ಲ್ಯಾಬ್ ವೈವಾಕ್ಕಿಂತ ಕಷ್ಟ, ಸದ್ಯಕ್ಕೆ ಬಿಡಿ. ನೆರಳಿರುವ ಮರಗಳಲ್ಲಿ ಕೆಂಪುಗಂಟಲಿನ ಪುಟ್ಟ ನೊಣಹಿಡುಕ. ಗಂಟಲು ಕೆಂಪಾಗುವುದು ಬೆಳೆದ ಗಂಡಿಗೆ ಮಾತ್ರ. ಹಾಗಾಗಿ ಬಾಲವನ್ನೂ ತೆಗೆದಿಡಿ, ಕಪ್ಪು ಬಾಲದ ಬುಡದ ಎರಡೂ ಬದಿಗೆ ಬಿಳಿ ಪಟ್ಟೆ ಇದ್ದರೆ ಗುರುತಿಸಲು ಸಹಾಯ.

ಇವೆಲ್ಲಕ್ಕಿಂತ ಗದ್ದಲದ ಅತಿಥಿ ಗುಲಾಬಿ ಮೈನಾ. ಮುತ್ತುಗ, ಬೂರುಗ ಹೂಬಿಟ್ಟಾಗ ಹಿಂಡುಹಿಂಡಾಗಿ ಮಕರಂದಕ್ಕೆ ಬೀಳುತ್ತವೆ, ಬಿಳಿಜೋಳದ ತೆನೆಗೂ ಬೀಳುತ್ತವೆ. ನಮ್ಮ ರೈತರು ಅಟ್ಟಣೆ ಹತ್ತಿ ಕವಣೆ ಬೀಸಿ ಓಡಿಸುವುದು ಇವನ್ನೇ. ಇದೇ ಹಕ್ಕಿ ಮಧ್ಯ ಏಷ್ಯಾದ ಹುಲ್ಲುಗಾವಲಿಗೆ ಮರಳಿ ಮರಿ ಮಾಡುವಾಗ ಮಿಡತೆ ತಿಂದು ಬದುಕುತ್ತದೆ. ಚೀನಾದ ಶಿನ್‌ಜಿಯಾಂಗ್‌ನಲ್ಲಿ ಮಿಡತೆ ಹತೋಟಿಗಾಗಿ ಇವು ಗೂಡು ಕಟ್ಟಲೆಂದು ಕಲ್ಲಿನ ರಾಶಿಗಳನ್ನೇ ಹಾಕಿಕೊಟ್ಟಿದ್ದಾರೆ. ಇಲ್ಲಿ ಕವಣೆ ಕಲ್ಲು, ಅಲ್ಲಿ ಗೂಡಿನ ಕಲ್ಲು!

ಛಾಯಾಗ್ರಾಹಕರಿಗೆ ಗುಲಾಬಿ ಮೈನಾದಲ್ಲಿ ಇನ್ನೊಂದು ವಿಶೇಷ ಇದೆ. ಚಳಿಗಾಲದ ಶುರುವಿನಲ್ಲಿ ಅದು ಮಾಸಲು. ಮಾರ್ಚ್-ಏಪ್ರಿಲ್‌ಗೆ ತಲೆ ಕಡುಗಪ್ಪು, ಮೈ ಗುಲಾಬಿ. ಹೊಸ ಗರಿ ಬಂದಿದ್ದರಿಂದ ಅಲ್ಲ, ಹಳೆ ಗರಿಯ ಮಾಸಲು ತುದಿಗಳು ತಿಕ್ಕಿ ಸವೆದು ಒಳಗಿನ ಬಣ್ಣ ಕಾಣುವುದರಿಂದ. ಗಂಡು ಬ್ಲ್ಯಾಕ್ ರೆಡ್‌ಸ್ಟಾರ್ಟ್ ಕಪ್ಪಾಗುವುದೂ ಬಹುಮಟ್ಟಿಗೆ ಹೀಗೇ. ಅಂದರೆ ವಾರಕ್ಕೊಂದು ಫೋಟೋ ಒಂದೇ ಅಂತರದಿಂದ, ಒಂದೇ ಬೆಳಕಿನಲ್ಲಿ ತೆಗೆದು ಪಕ್ಕಪಕ್ಕ ಇಟ್ಟರೆ ಸವೆತದ ದಾಖಲೆಯೇ ಸಿಗುತ್ತದೆ. ಮೆಕ್ಯಾನಿಕಲ್‌ನವರಿಗೆ ಇದು ಖುಷಿ ಕೊಡಬೇಕು.

ಈಗ ಬೆಳಕಿನ ಲೆಕ್ಕ. ಬೀದರ್ ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮಾರ್ಚ್ 21ರ ಸುಮಾರಿಗೆ ಮಧ್ಯಾಹ್ನದ ಸೂರ್ಯ 72 ಡಿಗ್ರಿ ಎತ್ತರ, ಮೇ ಎರಡನೇ ವಾರದ ಹೊತ್ತಿಗೆ ನೆತ್ತಿಯ ಮೇಲೆ. ನೆತ್ತಿಯ ಬೆಳಕಿನಲ್ಲಿ ಹಕ್ಕಿಯ ಬೆನ್ನು ಸುಟ್ಟಂತೆ ಬೆಳ್ಳಗೆ, ಕಣ್ಣು ಕತ್ತಲೆ. ಮಾರ್ಚ್ ಕೊನೆಯ ವಾರ ಬೆಳಗ್ಗೆ ಎಂಟೂವರೆಗೆ ಸೂರ್ಯ ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತಾನೆ. ಅಲ್ಲಿಗೆ ಆ ದಿನದ ಒಳ್ಳೆ ಬೆಳಕು ಮುಗಿಯುತ್ತ ಬಂತು ಅಂತ ತಿಳಿಯಿರಿ. ಹತ್ತರ ಮೇಲೆ ಇನ್ನೊಂದು ಕಾಟ: ತಗಡಿನ ಶೆಡ್, ಕೆಂಪು ಜಂಬಿಟ್ಟಿಗೆ ನೆಲ ಕಾದು ಮೇಲಿನ ಗಾಳಿಯ ಸಾಂದ್ರತೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಅದರ ಜೊತೆ ವಕ್ರೀಭವನ ಸೂಚ್ಯಂಕವೂ. ಚಿತ್ರ ನೀರಿನಲ್ಲಿ ಅಲ್ಲಾಡಿದಂತೆ ಮಸುಕಾಗುತ್ತದೆ. ಲಕ್ಷ ರೂಪಾಯಿ ಲೆನ್ಸ್ ಇದ್ದರೂ ಇದಕ್ಕೆ ಮದ್ದಿಲ್ಲ. ಹತ್ತಿರ ಹೋಗಬೇಕು, ಇಲ್ಲಾಂದ್ರೆ ಬೇಗ ಏಳಬೇಕು.

ಹತ್ತಿರ ಅಂದರೆ ಎಷ್ಟು? 24 ಮೆಗಾಪಿಕ್ಸೆಲ್‌ನ ಸಾಮಾನ್ಯ ಕ್ರಾಪ್ ಸೆನ್ಸರ್ ಕ್ಯಾಮೆರಾ, 300 ಎಂಎಂ ಲೆನ್ಸ್, 8 ಮೀಟರ್ ದೂರ. ವರ್ಧನೆ ಸುಮಾರು 0.039. ಆಗ 12 ಸೆಂ.ಮೀ. ನೊಣಹಿಡುಕ ಸೆನ್ಸರ್ ಮೇಲೆ 4.7 ಮಿ.ಮೀ., ಅಂದರೆ ಸುಮಾರು 1,200 ಪಿಕ್ಸೆಲ್ ಉದ್ದ ಬೀಳುತ್ತದೆ. ಸಾಕಷ್ಟಾಯಿತು. ಅದೇ ಜಾಗದಿಂದ ಫೋನಿನ ಮುಖ್ಯ ಕ್ಯಾಮೆರಾದಲ್ಲಿ ನೂರು ಪಿಕ್ಸೆಲ್ ಸಿಕ್ಕರೆ ಹೆಚ್ಚು. ಆದರೂ ಫೋನಿನವರು ಬೇಜಾರಾಗಬೇಡಿ. ದೂರ ಅರ್ಧವಾದರೆ ಪಿಕ್ಸೆಲ್ ಉದ್ದದಲ್ಲಿ ಎರಡರಷ್ಟು, ವಿಸ್ತೀರ್ಣದಲ್ಲಿ ನಾಲ್ಕರಷ್ಟು. ಬೈನಾಕ್ಯುಲರ್‌ನ ಒಂದು ಕಣ್ಣಿಗೆ ಫೋನ್ ಹಿಡಿದರೂ ಗುರುತಿಸುವ ಮಟ್ಟದ ಚಿತ್ರ ಬರುತ್ತದೆ. ನಮಗೆ ಬೇಕಾದ್ದು ಕ್ಯಾಲೆಂಡರ್ ಚಿತ್ರವಲ್ಲ, ಸಾಕ್ಷಿ.

ಶಟರ್ ವೇಗದ್ದೂ ಲೆಕ್ಕ ಹಾಕಬಹುದು. ಮೇಲಿನ ಕ್ಯಾಮೆರಾದಲ್ಲಿ ಹಕ್ಕಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ತಲೆ ತಿರುಗಿಸಿತು ಅನ್ನಿ. ಸೆನ್ಸರ್ ಮೇಲೆ ಆ ಚಲನೆ ಸೆಕೆಂಡಿಗೆ 19.5 ಮಿ.ಮೀ. 1/1000 ಸೆಕೆಂಡಿನಲ್ಲಿ 5 ಪಿಕ್ಸೆಲ್ ಮಸುಕು, 1/2500ರಲ್ಲಿ ಎರಡೇ. ಅದಕ್ಕೇ ಸಿಪಿಲೆಗೆ ಐಎಸ್ಒ ಏರಿಸಿಯಾದರೂ ವೇಗ ಉಳಿಸಿಕೊಳ್ಳಿ. ನಾಯ್ಸ್ ಆಮೇಲೆ ಕಡಿಮೆ ಮಾಡಬಹುದು, ಅಲ್ಲಾಡಿದ ಕಣ್ಣನ್ನು ಸರಿ ಮಾಡಲಾಗದು. ಸುಮ್ಮನೆ ಕುಂತ ರೆಡ್‌ಸ್ಟಾರ್ಟ್‌ಗೆ 1/500 ಸಾಕು. ಸುಣ್ಣ ಬಳಿದ ಗೋಡೆ ಅಥವಾ ಬೆಳ್ಳನೆ ಆಕಾಶ ಹಿಂದಿದ್ದರೆ ಕ್ಯಾಮೆರಾ ಮೋಸ ಹೋಗಿ ಹಕ್ಕಿಯನ್ನು ಮಸಿ ಮಾಡುತ್ತದೆ, ಎಕ್ಸ್‌ಪೋಶರ್ ಒಂದು ಸ್ಟಾಪ್ ಹೆಚ್ಚಿಸಿ.

ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗುವುದಕ್ಕಿಂತ ಕರೆಯುವುದು ವಾಸಿ. ಅಗಲವಾದ ಮಣ್ಣಿನ ತಟ್ಟೆ, ಎರಡು-ಮೂರು ಸೆಂ.ಮೀ. ನೀರು, ನಡುವೆ ಒಂದು ಕಲ್ಲು. ಪಕ್ಕದಲ್ಲಿ ಒಣ ಜಾಲಿ ಟೊಂಗೆ ನೆಡಿ, ಇಳಿಯುವ ಮೊದಲು ಅದರ ಮೇಲೆ ಕೂರುತ್ತವೆ. ಕಿಟಕಿಯಿಂದ ನಾಲ್ಕೈದು ಮೀಟರ್ ಇರಲಿ, ಬೆಕ್ಕು ಅಡಗುವ ಪೊದೆ ತೀರಾ ಹತ್ತಿರ ಬೇಡ, ನೀರು ದಿನಾ ಬದಲಿಸಿ. ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಚಟ ಮಾತ್ರ ಬೇಡ್ರಿ. ಪ್ರಯಾಣಕ್ಕೆ ಮುಂಚೆ ಕೊಬ್ಬು ಕೂಡಿಸಿಕೊಳ್ಳಬೇಕಾದ ಹಕ್ಕಿ ಇಲ್ಲದ ಎದುರಾಳಿಯನ್ನು ಹುಡುಕುತ್ತ ಹೊತ್ತು ಕಳೆಯುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ನಮ್ಮ ಸುತ್ತಲಿನ ಖಾಲಿ ಸೈಟುಗಳನ್ನು ನೋಡಿ. ಜಾಲಿ, ಬಾರಿ ಗಿಡ ತುಂಬಿದ ಜಾಗಕ್ಕೆ ಬೇಸಿಗೆಯಲ್ಲೇ ಜೆಸಿಬಿ ಬರುತ್ತದೆ. ‘ಅಲ್ಲೇನಿತ್ತು, ಬರೀ ಮುಳ್ಳು’ ಅಂತಾರೆ. ಬ್ಲೈತ್ಸ್ ವಾರ್ಬ್ಲರ್ ಆರೇಳು ತಿಂಗಳು ಆ ಮುಳ್ಳಿನಲ್ಲೇ ಇತ್ತು ಅನ್ನುವುದಕ್ಕೆ ತಾರೀಖು ಇರುವ ನಿಮ್ಮ ಫೋಟೋ ಬಿಟ್ಟರೆ ಬೇರೆ ದಾಖಲೆ ಇರುವುದಿಲ್ಲ. ಹುಲಿ ಇರುವ ಕಾಡಿಗೆ ಕ್ಯಾಮೆರಾಗಳು ತಾವಾಗಿಯೇ ಹೋಗುತ್ತವೆ, ಕೊಳಾರದ ಮುಳ್ಳಿಗೆ ನಾವೇ ಹೋಗಬೇಕು.

ಹಾಗಾಗಿ ಮೊದಲು ಕ್ಯಾಮೆರಾದ ಗಡಿಯಾರ ಸರಿ ಇದೆಯಾ ನೋಡಿ, ಬ್ಯಾಟರಿ ಬಹಳ ದಿನ ತೆಗೆದಿಟ್ಟರೆ ಕೆಲವು ಕ್ಯಾಮೆರಾಗಳು ತಾರೀಖು ಮರೆಯುತ್ತವೆ. ದಿನಾ ಹದಿನೈದು ನಿಮಿಷ ಕುಂತು, ಗುರುತು ಸಿಕ್ಕ ಎಲ್ಲ ಹಕ್ಕಿಗಳ ಪಟ್ಟಿಯನ್ನು ಇ-ಬರ್ಡ್‌ಗೆ ಹಾಕಿ, ಕಾಗೆ-ಗುಬ್ಬಿ ಬಿಡದಂತೆ. ಪಟ್ಟಿ ಪೂರ್ತಿಯಾಗಿದ್ದರೆ ಅದರಲ್ಲಿ ಇಲ್ಲದ ಹಕ್ಕಿಯೂ ಮಾಹಿತಿಯೇ. ಪ್ರತಿ ಫೆಬ್ರುವರಿಯಲ್ಲಿ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಲ್ಲಿ ಕಾಲೇಜುಗಳಿಗೆಂದೇ ಕ್ಯಾಂಪಸ್ ಬರ್ಡ್ ಕೌಂಟ್ ಇದೆ, ನಾಲ್ಕು ದಿನದ ಕೆಲಸ. ಶುರು ಮಾಡಲು ಅದು ಒಳ್ಳೆ ನೆಪ. ಆದರೆ ನಮಗೆ ಬೇಕಾದ ದಿನಗಳು ಅದು ಮುಗಿದ ಮೇಲೆ, ಇಂಟರ್ನಲ್ಸ್ ನಡುವೆ ಬರುತ್ತವೆ. ರೆಡ್‌ಸ್ಟಾರ್ಟ್ ಕಾಣದೇ ಹೋದ ದಿನದಿಂದ ಇನ್ನೂ ಹತ್ತು ದಿನ ಅದೇ ಗೋಡೆಯನ್ನು ನೋಡಿ ‘ಇಲ್ಲ’ ಅಂತ ಬರೆದರೆ ಮಾತ್ರ ಹೋದ ತಾರೀಖು ನಂಬಬಹುದು. ತಟ್ಟೆಯನ್ನೂ ಎತ್ತಿಡಬೇಡಿ. ದಕ್ಷಿಣದಲ್ಲಿ ಚಳಿಗಾಲ ಕಳೆದ ನವರಂಗ ಉತ್ತರಕ್ಕೆ ಹೋಗುವಾಗ, ಮುಂಗಾರಿಗೆ ಮುಂಚಿನ ವಾರಗಳಲ್ಲಿ, ದಖ್ಖನಿನ ಊರುಗಳ ಹಿತ್ತಲಲ್ಲಿ ದಣಿದು ಇಳಿಯುವುದುಂಟು.