ಕೂಲಿಂಗ್ ಟವರ್‌ಗೆ ಎಫ್.ಆರ್.ಪಿ.: ದರಪಟ್ಟಿಯಲ್ಲಿ ನೋಡಬೇಕಾದುದು

ಕೂಲಿಂಗ್ ಟವರ್‌ನೊಳಗೆ ಬಿಸಿನೀರು, ಗಾಳಿ, ಕ್ಲೋರಿನ್ ಮತ್ತು ಲವಣಗಳು ದಿನವಿಡೀ ಒಟ್ಟಿಗಿರುತ್ತವೆ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ಇದಕ್ಕಿಂತ ಅನುಕೂಲದ ತಾಣ ಬೇರೆ ಬೇಕಿಲ್ಲ. ಸತುವಿನ ಲೇಪ ಉಳಿದಷ್ಟು ಕಾಲ ಮಾತ್ರ ರಕ್ಷಣೆ. ಗಾಜಿನ ಎಳೆಗಳನ್ನು ರಾಳದಲ್ಲಿ ಹುದುಗಿಸಿ ತಯಾರಿಸುವ ಎಫ್.ಆರ್.ಪಿ. ತುಕ್ಕು ಹಿಡಿಯುವುದಿಲ್ಲ, ಸಾಂದ್ರತೆಯೂ ಉಕ್ಕಿನ ಸುಮಾರು ಕಾಲುಭಾಗ. ಟವರ್‌ಗಳ ಹೊರಕವಚ ಹಾಗೂ ತೊಟ್ಟಿಗಳಲ್ಲಿ ಅದು ನೆಲೆಯೂರಿರುವುದು ಈ ಕಾರಣದಿಂದಲೇ.

ಆದರೆ ಎಫ್.ಆರ್.ಪಿ. ಎಂಬುದು ಒಂದೇ ಸರಕಿನ ಹೆಸರಲ್ಲ. ಎರಡು ದರಪಟ್ಟಿಗಳ ನಡುವಿನ ಅಂತರ ಅನೇಕ ವೇಳೆ ರಾಳದಲ್ಲಿ ಅಡಗಿರುತ್ತದೆ. ಆರ್ಥೋಥ್ಯಾಲಿಕ್ ಪಾಲಿಯೆಸ್ಟರ್ ಅಗ್ಗ. ಸದಾ ನೀರು ನಿಲ್ಲುವ ತೊಟ್ಟಿಗೆ ಐಸೋಥ್ಯಾಲಿಕ್ ಲೇಸು. ರಾಸಾಯನಿಕಗಳ ಹಾವಳಿ ತೀವ್ರವಾಗಿದ್ದಲ್ಲಿ ವಿನೈಲ್ ಎಸ್ಟರ್. "ಉತ್ತಮ ದರ್ಜೆ" ಎಂದಷ್ಟೇ ಇದ್ದರೆ ಸಾಲದು, ರಾಳದ ಹೆಸರನ್ನು ಆರ್ಡರ್‌ನಲ್ಲಿಯೇ ಬರೆಸಿಕೊಳ್ಳಬೇಕು. ಹೊರಮೈಯ ಜೆಲ್‌ಕೋಟ್‌ನಲ್ಲಿ ಅತಿನೇರಳೆ ಕಿರಣಗಳನ್ನು ತಡೆಯುವ ದ್ರವ್ಯವಿಲ್ಲದಿದ್ದರೆ ಬಿಸಿಲಿಗೆ ಮೇಲ್ಪದರ ಸವೆದು ಗಾಜಿನೆಳೆಗಳು ಹೊರಬೀಳುತ್ತವೆ, ಆ ಎಳೆಗಳ ಗುಂಟ ನೀರು ಒಳಸೇರುತ್ತದೆ. ಜೋಡಣೆಯ ವೇಳೆ ಕೊರೆದ ರಂಧ್ರಗಳ ಅಂಚಿಗೆ ರಾಳ ಬಳಿಯದಿದ್ದರೂ ಇದೇ ಗತಿ. ಕೆಲವೇ ನಿಮಿಷಗಳ ಈ ಕೆಲಸವನ್ನು ಅವಸರದಲ್ಲಿ ಬಿಟ್ಟುಬಿಡುವವರೇ ಹೆಚ್ಚು.

ಚೌಕಟ್ಟಿನ ವಿಷಯ ಬೇರೆ. ಪಲ್ಟ್ರೂಡೆಡ್ ಎಫ್.ಆರ್.ಪಿ. ತೊಲೆಯ ಬಿಗುಪು ಉಕ್ಕಿನ ಸುಮಾರು ಹತ್ತನೆಯ ಒಂದು ಭಾಗ ಮಾತ್ರ. ಉಕ್ಕಿನ ಅಳತೆಯನ್ನೇ ನಕಲು ಮಾಡಿದರೆ ಫ್ಯಾನ್, ಮೋಟಾರುಗಳ ಭಾರಕ್ಕೆ ತೊಲೆ ಬಾಗುತ್ತದೆ, ಕಂಪನವೂ ಹೆಚ್ಚುತ್ತದೆ.

ಸಾಮಾನ್ಯ ರಾಳ ಉರಿಯುವ ವಸ್ತು. ನೀರು ಹರಿಯುವಾಗ ಭಯ ಕಡಿಮೆ. ದುರಸ್ತಿಗೆಂದು ನಿಲ್ಲಿಸಿ ಒಣಗಿದ ಟವರ್‌ಗೆ ಬೆಸುಗೆಯ ಒಂದು ಕಿಡಿ ಸಾಕು. ಅಗ್ನಿನಿರೋಧಕ ರಾಳವಿದ್ದರೂ ಬೆಸುಗೆಗೆ ಮುನ್ನ ಟವರನ್ನು ನೆನೆಸಿ, ನೀರಿನ ಕೊಳವೆಯೊಡನೆ ಒಬ್ಬ ಕಾವಲುಗಾರನನ್ನು ನಿಲ್ಲಿಸುವುದು ಅವಶ್ಯ.