ಶೇಂಗಾ ಗಿಡಕ್ಕೆ ಬರದ ಸ್ವಿಚ್ಚು



ಚಳ್ಳಕೆರೆ, ಮೊಳಕಾಲ್ಮೂರು ಭಾಗದಲ್ಲಿ ಮಳೆ ನಂಬಿ ಬಿತ್ತಿದ ಶೇಂಗಾ, ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟು ಬಾಡುವುದನ್ನು ತಾವು ಬಲ್ಲಿರಿ. ಬರ ತಾಳುವ ಗುಣವನ್ನು ಗಿಡದೊಳಗೇ ಸೇರಿಸಬಹುದೇ?

ಗಿಡದ ಗುಣಗಳನ್ನು ವಂಶವಾಹಿಗಳು ನಿರ್ಧರಿಸುತ್ತವೆ. ಪಂಪ್‌ಸೆಟ್ಟಿಗೆ ಸ್ವಿಚ್ಚು ಇದ್ದಂತೆ ಪ್ರತಿ ವಂಶವಾಹಿಗೂ ಅದನ್ನು ಚಾಲೂ ಮಾಡುವ ಭಾಗವೊಂದಿರುತ್ತದೆ. ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ 'ಡ್ರೆಬ್' ವಂಶವಾಹಿಯು, ಬರ ಎದುರಿಸುವ ಹಲವು ವಂಶವಾಹಿಗಳನ್ನು ಒಟ್ಟಿಗೆ ಎಬ್ಬಿಸುತ್ತದೆ. ಇದಕ್ಕೆ ಸದಾ ಚಾಲೂ ಇರುವ ಸ್ವಿಚ್ಚು ಜೋಡಿಸಿದಾಗ ಗಿಡ ಬರ ತಾಳಿತು, ಆದರೆ ಕುಳ್ಳಾಯಿತು. ನೀರು ಕಡಿಮೆಯಾದಾಗ ಮಾತ್ರ ಚಾಲೂ ಆಗುವ ಸ್ವಿಚ್ಚು ಜೋಡಿಸಿದಾಗ ಬೆಳವಣಿಗೆ ಅಷ್ಟಾಗಿ ಕುಂಠಿತವಾಗಲಿಲ್ಲ. ಇದನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ತೋರಿಸಿದರು.

ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯವರು ಇದೇ ಜೋಡಣೆಯನ್ನು ಜೆ.ಎಲ್. 24 ಶೇಂಗಾ ತಳಿಗೆ ಸೇರಿಸಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ನೀರಿನ ಕೊರತೆಯಲ್ಲಿ ಇಂಥ ಕೆಲವು ಗಿಡಗಳು ನೀರನ್ನು ಹೆಚ್ಚು ಮಿತವಾಗಿ ಬಳಸಿದವು.

ಗಮನಿಸಿ: ಈ ಶೇಂಗಾ ಇನ್ನೂ ರೈತರ ಬಿತ್ತನೆಗೆ ಬಂದಿಲ್ಲ. ಇಂಥ ಬೀಜವೆಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಸದ್ಯಕ್ಕೆ ಇಳಿಜಾರಿಗೆ ಅಡ್ಡಲಾಗಿ ಉತ್ತು ಬಿತ್ತಿ, ಬಿದ್ದ ಮಳೆಯನ್ನು ಹೊಲದಲ್ಲೇ ಇಂಗಿಸಿಕೊಳ್ಳಿ.